ಕೆಂಪು ಶಾಯಿಯ ಏಳು ನಿಮಿಷ

೮ ಜನವರಿ ೧೯೯೮

ಎಲೈ ನಾದಿನಿಯೇ,

ಮೂರನೇ ಗಂಟೆ ಹೊಡೆದಾಯಿತು. ಪರದೆ ಮೇಲೇಳುತ್ತಿದೆ. ನೀನು ಸೈಡ್‌ವಿಂಗಿನಲ್ಲಿ ನಿನ್ನ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತಿದ್ದೀಯ ಅಂದುಕೊಂಡೇ ಈ ಕಾಗದ ಶುರುಮಾಡಿದ್ದೇನೆ. ಪ್ರಾಂಪ್ಟರ್ ಇಲ್ಲದೆ ಈ ರಾಜಾಪಾರ್ಟಿನ ಬಾಯಿಂದ ಮೊದಲ ಮಾತು ಹೊರಡುವುದಿಲ್ಲ ಅನ್ನುವುದು ಇಡೀ ಕಂಪನಿಗೆ ಗೊತ್ತಿದ್ದ ಗುಟ್ಟು.

ನಿನಗೆ ಬರೆದು ಆರು ವರ್ಷವಾಯಿತು. ತಪ್ಪು ನನ್ನದೇ. ನಾಟಕ ಕಂಪನಿ ಮುಚ್ಚಿ ನೀನು ಸರ್ಕಾರಿ ಟೀವಿ ಕೆಲಸಕ್ಕೆ ಹೊರಟ ದಿನ, "ನಮ್ಮ ಮನೆಗೆ ಬೆಂಕಿ ಇಟ್ಟವರ ಮನೆಯಲ್ಲಿ ದೀಪ ಹಚ್ಚಲು ಹೊರಟೆಯಾ" ಅಂತ ಬಸ್‌ ಸ್ಟ್ಯಾಂಡಿನಲ್ಲಿ ಅಂದಿದ್ದೆ. ಕೊನೇ ಸಾಲಿನ ಪ್ರೇಕ್ಷಕರಿಗೂ ಕೇಳಿಸುವ ಹಾಗೆ ಅಂದಿದ್ದೆ. ಕಂಡಕ್ಟರು ಕೂಡ ನಿನ್ನನ್ನು ಕೆಕ್ಕರಿಸಿ ನೋಡಿದ. ಹತ್ತೊಂಬತ್ತು ವರ್ಷವಾದರೂ ನಿನ್ನ ಅಕ್ಕ ಅದನ್ನು ವಾರಕ್ಕೊಂದು ಸಲ ನನ್ನ ಮುಂದೆ ಆಡಿ ತೋರಿಸುತ್ತಾಳೆ. ನನಗಿಂತ ಚೆನ್ನಾಗಿಯೇ ಆಡುತ್ತಾಳೆ.

ಈಗ ವಿಷಯ. ನಾನು ಸಾಕ್ಷ್ಯಚಿತ್ರ ತೆಗೆಯುವವನಾಗಿದ್ದೇನೆ, ನಗಬೇಡ. ಶಾಲಾ ವಾರ್ಷಿಕೋತ್ಸವಗಳ ವಿಡಿಯೋ ತೆಗೆದು ಕೈ ಪಳಗಿತು. ಒಬ್ಬ ದೋಣಿಯವನ ಮೇಲೊಂದು, ಟೈಪ್‌ರೈಟರ್ ರಿಪೇರಿಯವನ ಮೇಲೊಂದು ಚಿತ್ರ ಮಾಡಿ ನಾಲ್ಕು ಶಾಲೆಗಳಲ್ಲಿ ತೋರಿಸಿದ್ದೇನೆ. ಮೂರನೆಯದು ನಮ್ಮ ಬಣ್ಣದ ಮೇಷ್ಟ್ರ ಮೇಲೆ. ನಮ್ಮ ಕಂಪನಿಯ ಅರಮನೆ, ಕಾಡು, ಬೀದಿ, ಸಮುದ್ರ, ಸೆರೆಮನೆ ಅಷ್ಟನ್ನೂ ಬರೆದ ಕೈ ಈಗ ಎಂಬತ್ತೊಂದರ ಕೈ. ಹಳೇ ಹತ್ತಿ ಗೋದಾಮಿನಲ್ಲಿ ನಲವತ್ತಡಿಯ ಬಟ್ಟೆ ಹಾಸಿ ಕೊನೆಯದೊಂದು ಪರದೆ ಬರೆಯುತ್ತಿದ್ದಾರೆ. ಕೊಂಡುಕೊಳ್ಳುವವರು ಯಾರೂ ಇಲ್ಲ, ಸುಮ್ಮನೆ ಬರೆಯುತ್ತಿದ್ದಾರೆ. ಕಣ್ಣಿಗೆ ಇನ್ನೊಂದು ವರ್ಷ ಇದೆಯಂತೆ, ಡಾಕ್ಟರು ಹೇಳಿದ್ದಾರೆ. ಕಣ್ಣು ಆರುವ ಮೊದಲು ಚಿತ್ರ ಆಗಬೇಕು. ನನಗೆ ಬೇಕಾಗಿರುವುದು ಅಷ್ಟೇ.

ಚಿತ್ರಗಳಿಗೆ ಸಹಾಯಧನ ಕೊಡುವ ಕಲಾನಿಧಿ ಸಂಸ್ಥೆಯವರ ಬಾಗಿಲು ತಟ್ಟಿದೆ. "ಯಾವ ಟೀವಿ ಪ್ರಸಾರ ಮಾಡುತ್ತೆ, ಅವರ ಕಾಗದ ತನ್ನಿ, ದುಡ್ಡು ಕೊಡ್ತೀವಿ" ಅಂದರು. ನಿಮ್ಮ ಟೀವಿಯ ಇಲ್ಲಿನ ಆಫೀಸಿಗೆ ಹೋದೆ. "ದುಡ್ಡು ಯಾರು ಕೊಡ್ತಾರೆ, ಅವರ ಕಾಗದ ತನ್ನಿ, ಪ್ರಸಾರದ ಕಾಗದ ಕೊಡ್ತೀವಿ" ಅಂದರು. ಎರಡು ಬಾಗಿಲ ಮಧ್ಯೆ ನಿಂತು ನನ್ನ ಕಿರೀಟ ಬಾಗಿಹೋಗಿದೆ. ನೀನೋ ರಾಜಧಾನಿಯಲ್ಲಿ, ಒಂಬತ್ತನೇ ಮಹಡಿಯಲ್ಲಿ, ಸಾಕ್ಷ್ಯಚಿತ್ರ ವಿಭಾಗದ ಸಿಂಹಾಸನದ ಮೇಲೆ ಕೂತಿದ್ದೀಯ. ಒಂದು ಅಪ್ಪಣೆ ಹೊರಡಿಸು.

ನಿನ್ನ ಭಾವ,
ರಾಜಾಪಾರ್ಟು

(ಕಾಗದದ ಅಂಚಿನಲ್ಲಿ, ಬೇರೆ ಕೈಬರಹ:) ನನ್ನ ಮೊಣಕಾಲು ಹಾಗೇ ಇದೆ. ಇವರ ಗಂಟಲೂ ಹಾಗೇ ಇದೆ. ನೀನು ಹೇಗಿದ್ದೀಯೇ? — ಅಕ್ಕ


೨೭ ಜನವರಿ ೧೯೯೮

ಭಾವನವರಿಗೆ,

ಕಾಗದ ತಲುಪಿತು. ಲಕೋಟೆಯ ಮೇಲೆ ನನ್ನ ಹೆಸರಿನ ಮುಂದೆ "ಮಹಾರಾಣಿ" ಅಂತ ಬರೆದಿದ್ದಿರಿ. ಟಪಾಲು ವಿಭಾಗದವರು ಅದನ್ನು ಮೂರು ಮಹಡಿ ತಿರುಗಿಸಿ ತೋರಿಸಿ ಆಮೇಲೆ ನನಗೆ ಕೊಟ್ಟರು. ಮುಂದಿನ ಸಲ ಬರೀ ಹೆಸರು ಸಾಕು.

ಇಲ್ಲಿ ನಡೆಯುವುದು ಹೀಗೆ. ಹೊರಗಿನ ನಿರ್ದೇಶಕರಿಂದ ವರ್ಷಕ್ಕೆ ನಾಲ್ಕು ಚಿತ್ರ ತೆಗೆದುಕೊಳ್ಳುತ್ತೇವೆ. ಈ ಸಲ ಇನ್ನೂರಹತ್ತು ಅರ್ಜಿ ಬಂದಿವೆ, ಗಡುವಿಗೆ ಇನ್ನೂ ಇಪ್ಪತ್ತು ದಿನವಿದೆ. ಮೂವತ್ತಾರು ಪುಟದ ಫಾರಂ ಇದರ ಜೊತೆಗಿದೆ. ಆರಿಸಿದ ಇಪ್ಪತ್ತು ಜನರನ್ನು ಐದು ಮಂದಿಯ ಸಮಿತಿಯ ಮುಂದೆ ಕರೆಯುತ್ತಾರೆ. ತಲಾ ಏಳು ನಿಮಿಷ. ಒಪ್ಪಿಗೆಯಾದರೆ ಪ್ರಸಾರದ ಭರವಸೆ ಪತ್ರ ಸಿಗುತ್ತದೆ. ಅದನ್ನು ತೋರಿಸಿದರೆ ಕಲಾನಿಧಿಯವರು ಮಿಕ್ಕಿದ್ದನ್ನು ಕೊಡಲೇಬೇಕು. ನೀವು ಎರಡು ಬಾಗಿಲ ಮಧ್ಯೆ ನಿಂತಿದ್ದೀರಲ್ಲ, ಬೀಗದ ಕೈ ಆ ಪತ್ರವೇ.

ನಿರ್ಧಾರ ನನ್ನ ಕೈಯಲ್ಲಿಲ್ಲ. ಕಡತಗಳು ನನ್ನ ಮೇಜು ದಾಟಿ ಹೋಗುತ್ತವೆ, ಅಷ್ಟೆ.

ಹದಿನೇಳನೇ ಪುಟದಲ್ಲಿ ಚಿತ್ರದ ಸಾರಾಂಶ ಒಂದೇ ವಾಕ್ಯದಲ್ಲಿ ಕೇಳಿದ್ದಾರೆ. ಒಂದೇ ವಾಕ್ಯ, ಭಾವ. ನೀವು "ಒಂದೇ ಮಾತು" ಅಂತ ಶುರುಮಾಡಿ ಕಾಲು ಗಂಟೆ ನಿಲ್ಲಿಸದೆ ಮಾತಾಡಿದ್ದನ್ನು ನಾನು ಪುಸ್ತಕ ಹಿಡಿದು ನೋಡಿದ್ದೇನೆ.

ಅಕ್ಕನಿಗೆ ಮೊಣಕಾಲಿಗೆ ಹಾಕುವ ಪಟ್ಟಿ ಕಳಿಸಿದ್ದೇನೆ. ಮೇಷ್ಟ್ರು ಈಗಲೂ ಕುಂಚವನ್ನು ಬಾಯಲ್ಲಿ ಕಚ್ಚಿಕೊಂಡೇ ಬೈಯುತ್ತಾರೆಯೇ?

ಪ್ರಾಂಪ್ಟರ್


೫ ಫೆಬ್ರವರಿ ೧೯೯೮

ನಾದಿನಿಯೇ,

ಫಾರಂ ತುಂಬಿಸಿ ಕಳಿಸಿದ್ದೇನೆ. ತುಂಬಿಸಿದ್ದು ನಿನ್ನ ಅಕ್ಕ, ಸಹಿ ಮಾಡಿದ್ದು ನಾನು. ಹದಿನೇಳನೇ ಪುಟಕ್ಕೆ ಹನ್ನೊಂದು ಸಾಲಿನ ಒಂದೇ ವಾಕ್ಯ ಬರೆದಿದ್ದೆ. ಅವಳು ಹತ್ತನ್ನು ಹೊಡೆದುಹಾಕಿ, "ಬಟ್ಟೆಯ ಮೇಲೆ ಊರುಗಳನ್ನು ಬರೆದು ಮಡಚಿಟ್ಟ ಒಬ್ಬ ಮನುಷ್ಯನ ಕಥೆ" ಅಂತ ಉಳಿಸಿದಳು. ನನ್ನ ಮುಖ ನೋಡಿ, "ಅಳಬೇಡಿ, ಫಾರಂ ಒದ್ದೆಯಾಗುತ್ತೆ" ಅಂದಳು.

ಮೇಷ್ಟ್ರು ಈಗಲೂ ಕುಂಚ ಕಚ್ಚಿಕೊಂಡೇ ಬೈಯುತ್ತಾರೆ. ಹಲ್ಲಿಲ್ಲದ್ದರಿಂದ ಬೈಗುಳ ಮೊದಲಿಗಿಂತ ಮೃದುವಾಗಿದೆ. ನಿನ್ನೆ ಗೋದಾಮಿನಲ್ಲಿ ಬಣ್ಣಕ್ಕೆ ಕಲಸುವ ಅಂಟು ಒಲೆಯ ಮೇಲೆ ಕಾಯುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅರವತ್ತಾರನೇ ಇಸವಿಗೆ ಹೋಗಿ ಬಿದ್ದೆ. ಹೊಸ ಅರಮನೆ ಪರದೆ ನೆನಪಿದೆಯೇ? ಮೇಷ್ಟ್ರು ಅದರಲ್ಲಿ ಅರ್ಧ ತೆರೆದ ಬಾಗಿಲು ಬರೆದಿದ್ದರು, ಬಾಗಿಲಾಚೆ ಹಜಾರ, ಹಜಾರದ ಕೊನೆಯಲ್ಲೊಂದು ದೀಪ. ಮೊದಲ ಪ್ರದರ್ಶನದ ದಿನ ನಾನು "ಇದೋ ಹೊರಟೆ ಯುದ್ಧಕ್ಕೆ" ಅಂತ ಗರ್ಜಿಸಿ ನೇರವಾಗಿ ಆ ಬಾಗಿಲಿಗೇ ನಡೆದೆ. ಹಿಂದಿದ್ದ ಕಂಬಕ್ಕೆ ಮೂಗು ಕುಟ್ಟಿತು. ಜನ ಒನ್ಸ್ ಮೋರ್ ಕೂಗಿದರು. ಪ್ರೇಕ್ಷಕ ಮಹಾಪ್ರಭುವಿನ ಅಪ್ಪಣೆ ಅಂತ ಇನ್ನೊಂದು ಸಲ ಕುಟ್ಟಿಕೊಂಡೆ. ನೀನು ವಿಂಗಿನಿಂದ "ಎಡಕ್ಕೆ ಭಾವ, ಎಡಕ್ಕೆ" ಅಂತ ಪಿಸುಗುಟ್ಟುತ್ತಿದ್ದೆ. ಪುಸ್ತಕದಲ್ಲಿಲ್ಲದ ಮಾತನ್ನು ನೀನು ಆಡಿದ್ದು ಅದೊಂದೇ ಸಲ.

ಈಗ ಬೇಡಿಕೆ. ಸಮಿತಿ ಕರೆದರೆ ಆ ಏಳು ನಿಮಿಷದ ಮಾತು ನೀನೇ ಬರೆದುಕೊಡಬೇಕು. ಹದಿನಾಲ್ಕು ವರ್ಷ ವಿಂಗಿನಿಂದ ಮಾತು ಕೊಟ್ಟವಳಿಗೆ ಏಳು ನಿಮಿಷ ಹೆಚ್ಚೇ?

ರಾಜಾಪಾರ್ಟು


೨೪ ಫೆಬ್ರವರಿ ೧೯೯೮

ಭಾವ,

ಇಪ್ಪತ್ತು ಜನರಲ್ಲಿ ನೀವೂ ಇದ್ದೀರಿ. ಮಾರ್ಚ್ ಹನ್ನೊಂದು, ಬೆಳಿಗ್ಗೆ ಹನ್ನೊಂದೂವರೆ, ಒಂಬತ್ತನೇ ಮಹಡಿ, ಹದಿಮೂರನೇ ಸರದಿ.

ಬರೆದುಕೊಡುವುದಿಲ್ಲ ಅಂತ ಮೂರು ಕಾಗದ ಬರೆದು ಹರಿದೆ. ಇಲ್ಲಿಯ ನೌಕರರು ಅರ್ಜಿದಾರರಿಗೆ ಒಂದಕ್ಷರವೂ ಹೇಳಿಕೊಡಬಾರದು. ಆದರೆ ನೀವು ಸಿದ್ಧತೆ ಇಲ್ಲದೆ ಆ ಕೋಣೆಗೆ ಬಂದರೆ ಮೇಷ್ಟ್ರ ಹೆಸರು ಬರುವ ಹೊತ್ತಿಗೆ ಏಳು ನಿಮಿಷ ಮುಗಿದಿರುತ್ತದೆ. ಹಾಗಾಗಿ ಈ ಎರಡು ಹಾಳೆ.

ಕಂಪನಿ ಪದ್ಧತಿಯಲ್ಲೇ ಬರೆದಿದ್ದೇನೆ. ನೀಲಿ ಶಾಯಿ ಆಡುವ ಮಾತು. ಕೆಂಪು ಶಾಯಿ ನಿಮಗೆ ಮಾತ್ರ: ಎಲ್ಲಿ ನಿಲ್ಲಬೇಕು, ಯಾರನ್ನು ನೋಡಬೇಕು, ಯಾವುದನ್ನು ಎತ್ತಬಾರದು. ಓದಿಕೊಂಡು ಹರಿದುಹಾಕಿ. ಕೋಣೆಯಲ್ಲಿ ನಾನಿರುತ್ತೇನೆ. ನನ್ನ ಪರಿಚಯ ಇದೆ ಅಂತ ತೋರಿಸಿಕೊಳ್ಳಬೇಡಿ.

ರಿಹರ್ಸಲ್ ಮಾಡಿ, ಭಾವ. ಜೀವಮಾನದಲ್ಲಿ ಒಂದು ಸಲ ಮಾಡಿ.

ಪ್ರಾಂಪ್ಟರ್


೧೩ ಮಾರ್ಚ್ ೧೯೯೮

ಎಲೈ ನಾದಿನಿಯೇ, ಎಲೈ ಮಾತಿನ ಖಜಾನೆಯೇ,

ಗೆದ್ದೆವು. ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಐವತ್ತು ವರ್ಷ ಪ್ರೇಕ್ಷಕರ ಉಸಿರು ಕೇಳಿದವನಿಗೆ ಗೊತ್ತಾಗದೇ? ನೀನು ಮೂಲೆಯ ಸಣ್ಣ ಮೇಜಿನಲ್ಲಿ ಗಂಟೆ ಇಟ್ಟುಕೊಂಡು ಕೂತಿದ್ದನ್ನು ನೋಡಿದೆ. ಅಷ್ಟು ದೊಡ್ಡ ಅಧಿಕಾರಿ ಮೂಲೆಯಲ್ಲಿ. ಅದೇ ನಿನ್ನ ದೊಡ್ಡತನ. ನಾನೂ ಮಾತು ಉಳಿಸಿಕೊಂಡೆ, ನಿನ್ನ ಕಡೆ ತಿರುಗಿಯೂ ನೋಡಲಿಲ್ಲ.

ರಿಹರ್ಸಲ್ ಮಾಡಲಿಲ್ಲ. ಮೊದಲೇ ಆಡಿದ ಮಾತು ಹಳಸುತ್ತೆ ಅನ್ನುವುದು ನನ್ನ ನಂಬಿಕೆ. ಸಭೆಯ ಮುಂದೆ ಕನ್ನಡಕ ಹಾಕಿಕೊಳ್ಳುವ ರಾಜನನ್ನು ಯಾರಾದರೂ ಕಂಡಿದ್ದಾರೆಯೇ? ಅದಕ್ಕೇ ನಿನ್ನ ಹಾಳೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡಕ್ಷರಕ್ಕೆ ಹಿಗ್ಗಿಸಿಕೊಂಡು ಹೋಗಿದ್ದೆ. ಕೈಚಾಚಿ ಹಿಡಿದರೂ ಕಪ್ಪಗೆ, ಸ್ಪಷ್ಟವಾಗಿ ಕಾಣುತ್ತಿತ್ತು.

"ನಲವತ್ತು ವರ್ಷ ಒಬ್ಬ ಮನುಷ್ಯ ಬೆಳಿಗ್ಗೆ ಅರಮನೆ ಕಟ್ಟಿದ, ರಾತ್ರಿ ಮಡಚಿ ಲಾರಿಗೆ ಹಾಕಿದ" ಅಂತ ಶುರುಮಾಡಿದೆ. ಸಭೆ ಗಂಭೀರ. ಮುಂದಿನ ಸಾಲು, "ಇಲ್ಲಿ ನಿಲ್ಲಿಸಿ ಅಧ್ಯಕ್ಷರ ಮುಖ ನೋಡಿ, ವಯಸ್ಸಾದವರ ಕಥೆ ಅಂದರೆ ಅವರ ಕರುಳು ಕರಗುತ್ತದೆ." ಅಧ್ಯಕ್ಷರು ತಲೆ ಎತ್ತಿದರು. "ಎಡಗಡೆ ದಪ್ಪ ಕನ್ನಡಕದವರು ಖರ್ಚಿನ ಲೆಕ್ಕ ಕೇಳುತ್ತಾರೆ, ಅದಕ್ಕೆ ನಮ್ಮ ಹತ್ತಿರ ಉತ್ತರವಿಲ್ಲ, ನೀರು ಕುಡಿಯಿರಿ." ಅಂದು ನೀರು ಕುಡಿದೆ. ಆಹಾ, ಎಂಥ ನಗೆ. "ಕೊನೇ ಕುರ್ಚಿಯವರು ಈ ಹೊತ್ತಿಗೆ ನಿದ್ದೆಗೆ ಜಾರಿರುತ್ತಾರೆ, ಧ್ವನಿ ಏರಿಸಿ" ಅಂತ ಧ್ವನಿ ಏರಿಸಿದೆ ನೋಡು, ಅವರು ಪೆನ್ನು ಬೀಳಿಸಿಕೊಂಡು ಎದ್ದು ಕೂತರು. ಹಿಂದಿನ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ, ಗಮ್‌ಬೂಟು ಹಾಕಿಕೊಂಡಿದ್ದ ಹುಡುಗಿಯೊಬ್ಬಳು ನಕ್ಕು ನಕ್ಕು ಗೋಡೆಗೆ ಒರಗಿದಳು. "ಕಣ್ಣಿನ ವಿಷಯ ಎತ್ತಬೇಡಿ, ಭಿಕ್ಷೆ ಕೇಳಿದ ಹಾಗಾಗುತ್ತದೆ" ಅನ್ನುವಲ್ಲಿ ನನಗೂ ಒಂದು ಕ್ಷಣ ಅನುಮಾನ ಬಂತು. ಆದರೆ ನೀನು ಕೊಟ್ಟ ಮಾತನ್ನು ನಾನು ಯಾವತ್ತಾದರೂ ಪ್ರಶ್ನಿಸಿದ್ದೇನೆಯೇ?

ನೀನು ಗಂಟೆ ಹೊಡೆಯುವುದನ್ನೇ ಮರೆತೆ. ಹನ್ನೊಂದು ನಿಮಿಷ ಮಾತಾಡಿದೆ. ಇಂಥ ನಗೆಮಾತು ಬರೆಯುವ ಕೈ ನಿನಗಿತ್ತು ಅಂತ ಹದಿನಾಲ್ಕು ವರ್ಷ ಯಾಕೆ ಮುಚ್ಚಿಟ್ಟಿದ್ದೆ?

ವಿಜಯಿಯಾದ ರಾಜಾಪಾರ್ಟು

(ಅಂಚಿನಲ್ಲಿ:) ನಿನ್ನ ಅಸಲಿ ಹಾಳೆ ಇವರ ಅಂಗಿ ಜೇಬಿನಲ್ಲಿ ಸಿಕ್ಕಿತು ಕಣೇ. ಅದರಲ್ಲಿ ಕೆಂಪು ಇದೆ. ಜೆರಾಕ್ಸಿನಲ್ಲಿ ಎಲ್ಲ ಕಪ್ಪು. ಇವರಿಗಿನ್ನೂ ಹೇಳಿಲ್ಲ, ಎರಡು ದಿನ ಸಂತೋಷವಾಗಿರಲಿ ಅಂತ. ಅಲ್ಲಿ ಏನಾಯಿತು? ಬೇಗ ಬರಿ.


೪ ಏಪ್ರಿಲ್ ೧೯೯೮

ನಾದಿನಿ,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ನಿನ್ನ ಅಕ್ಕ ಎರಡು ಹಾಳೆಯನ್ನೂ ನನ್ನ ಮುಂದೆ ಅಕ್ಕಪಕ್ಕ ಇಟ್ಟಳು. ಕೆಂಪು ಸಾಲುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ತೋರಿಸಿದಳು.

ಒಂದು ಸಾಲು ಬರಿ. ಬೈದಾದರೂ ಬರಿ.

ಭಾವ


೨೦ ಏಪ್ರಿಲ್ ೧೯೯೮

ಭಾವನವರಿಗೆ,

ನಿಮ್ಮ ಅರ್ಜಿ ತಿರಸ್ಕೃತವಾಗಿದೆ. ಕಚೇರಿಯ ಕಾಗದ ಪ್ರತ್ಯೇಕವಾಗಿ ಬರುತ್ತದೆ.

ಅಂದು ಮಧ್ಯಾಹ್ನವೇ ನಿರ್ದೇಶಕರು ಕರೆಸಿ, ಇದನ್ನು ಬರೆದುಕೊಟ್ಟದ್ದು ಯಾರು ಅಂತ ಕೇಳಿದರು. ಕೋಣೆಯ ಕುರ್ಚಿಗಳ ಸಾಲು, ಸದಸ್ಯರ ಅಭ್ಯಾಸ, ಇವೆಲ್ಲ ಹೊರಗಿನವರಿಗೆ ಗೊತ್ತಿರುವುದಿಲ್ಲ. ನಾನೇ ಅಂದೆ. ಅರ್ಜಿದಾರರಲ್ಲಿ ನೆಂಟರಿದ್ದಾರೆಯೇ ಅಂತ ನಾವೆಲ್ಲ ಒಂದು ಘೋಷಣೆ ಬರೆದುಕೊಡಬೇಕು. ನಾನು "ಇಲ್ಲ" ಅಂತ ಬರೆದಿದ್ದೆ. "ಹೌದು" ಅಂದರೆ ನಿಮ್ಮ ಕಡತ ತೆರೆಯುವುದೇ ಇಲ್ಲವೇನೋ ಅನ್ನುವ ಹೆದರಿಕೆ. ತಪ್ಪು ನಿಮ್ಮ ಜೆರಾಕ್ಸಿನದಲ್ಲ, ನನ್ನ "ಇಲ್ಲ"ದ್ದು.

ನಾನು ಸಿಂಹಾಸನದ ಮೇಲೆ ಇರಲಿಲ್ಲ, ಭಾವ. ಹತ್ತೊಂಬತ್ತು ವರ್ಷ ಕಡತಕ್ಕೆ ನಂಬರು ಹಾಕಿದ್ದೇನೆ, ಗಂಟೆ ಹೊಡೆದಿದ್ದೇನೆ. ನೀವು ಹಾಗೆ ಅಂದುಕೊಂಡಿದ್ದು ಸುಳ್ಳು ಅಂತ ಹೇಳಲು ಮನಸ್ಸು ಬರಲಿಲ್ಲ. ಬಸ್‌ ಸ್ಟ್ಯಾಂಡಿನಲ್ಲಿ ಅಂಥ ಮಾತು ಕೇಳಿಸಿಕೊಂಡು ಹೊರಟವಳು ಏನೋ ಆಗಿರಬೇಕಲ್ಲ.

ಈಗ ನನ್ನನ್ನು ನೆಲಮಾಳಿಗೆಯ ಟೇಪ್ ಸಂಗ್ರಹಕ್ಕೆ ಹಾಕಿದ್ದಾರೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ. ಕಿಟಕಿ ಇಲ್ಲ, ಆದರೆ ತಂಪಾಗಿದೆ.

ಅಧ್ಯಕ್ಷರು ಲಿಫ್ಟಿನಲ್ಲಿ ಸಿಕ್ಕಿದ್ದರು. "ಆ ಮುದುಕರ ಚಿತ್ರ ನೋಡಬೇಕಿತ್ತಮ್ಮಾ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸ್ವಲ್ಪ ದಿನ ಬರೆಯಬೇಡಿ.


೨೨ ಮೇ ೧೯೯೮

ಬರೆಯಬೇಡ ಅಂದೆ. ಒಂದು ತಿಂಗಳು ಬರೆಯಲಿಲ್ಲ. ನೀನು ನಿಜ ಹೇಳಿದ್ದೀಯ, ನಾನೂ ಹೇಳಿಬಿಡಬೇಕು.

ಮೇಷ್ಟ್ರ ಕಣ್ಣಿಗೆ ಒಂದು ವರ್ಷ ಇದೆ ಅಂತ ಜನವರಿಯಲ್ಲಿ ಬರೆದಿದ್ದೆ. ಡಾಕ್ಟರು ಹಾಗೆ ಹೇಳಿದ್ದು ನಿಜ. ಹೇಳಿದ್ದು ಅದರ ಹಿಂದಿನ ವರ್ಷ. ನಾನು ನಿನಗೆ ಕಾಗದ ಬರೆಯುವ ಹೊತ್ತಿಗೆ ಅವರಿಗೆ ಬಣ್ಣ ಗೊತ್ತಾಗುತ್ತಿರಲಿಲ್ಲ. ಡಬ್ಬಿ ತೆರೆದು "ಇದು ನೀಲಿ, ಇದು ಹಸಿರು" ಅಂತ ನಾನೇ ಹೇಳುತ್ತಿದ್ದೆ. ಕೈ ಮಾತ್ರ ತಪ್ಪುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಗೆರೆಯೂ ಕಾಣದಾಯಿತು. ಪರದೆ ಅರ್ಧಕ್ಕೆ ನಿಂತಿದೆ. ಎಡಗಡೆ ಬೀದಿ ಇದೆ, ಮನೆಗಳಿವೆ, ಒಂದು ಕೈಪಂಪು ಇದೆ. ಬಲಗಡೆ ಬರೀ ಬಿಳಿ ಬಟ್ಟೆ.

ಕಣ್ಣಿಲ್ಲದ ಬಣ್ಣಗಾರನ ಚಿತ್ರಕ್ಕೆ ಯಾರು ದುಡ್ಡು ಕೊಡುತ್ತಾರೆ ಅಂತ ನಿನಗೂ ಹೇಳಲಿಲ್ಲ. ನಿನ್ನ ಒಂಬತ್ತನೇ ಮಹಡಿ ಹೋಯಿತು, ಚಿತ್ರವೂ ಹೋಯಿತು.

ಅವರು ದಿನಾ ಗೋದಾಮಿಗೆ ಬಂದು ಪರದೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ನಾನೂ ಕೂರುತ್ತೇನೆ. ಹಳೇ ಕ್ಯಾಂಪುಗಳ ಮಾತಾಡುತ್ತೇವೆ. ನಿನ್ನೆ, "ಪುಸ್ತಕ ಹಿಡೀತಿದ್ದ ಆ ಹುಡುಗಿ ಹೇಗಿದ್ದಾಳೋ" ಅಂದರು. ಚೆನ್ನಾಗಿದ್ದಾಳೆ, ದೊಡ್ಡ ಅಧಿಕಾರಿ ಅಂದೆ.

ಭಾವ


೩೦ ಜುಲೈ ೧೯೯೮

ಭಾವ,

ನಿಧಾನವಾಗಿ, ಕೊನೆಯವರೆಗೂ ಓದಿ. ಮಧ್ಯದಲ್ಲಿ ಎದ್ದು ಓಡಾಡಬೇಡಿ.

ಇಲ್ಲಿ ಮೂರು ಸಾವಿರಕ್ಕೂ ಹೆಚ್ಚು ಡಬ್ಬಿಗಳಿವೆ. ಒಂದು ಇಡೀ ಕಪಾಟಿನ ಮೇಲೆ "ಗುರುತು ಸಿಕ್ಕಿಲ್ಲ" ಅಂತ ಚೀಟಿ. ಬೇರೆ ಕೆಲಸವಿಲ್ಲದೆ ಒಂದೊಂದಾಗಿ ಯಂತ್ರಕ್ಕೆ ಹಾಕಿ ನೋಡುತ್ತಿದ್ದೆ. ಹೋದ ವಾರ ಒಂದು ಡಬ್ಬಿಯಲ್ಲಿ ನಾನೇ ಸಿಕ್ಕಿದೆ. ಪರದೆಯ ಅಂಚಿನಲ್ಲಿ, ಸ್ಟೂಲಿನ ಮೇಲೆ, ಎರಡು ಜಡೆ ಹಾಕಿಕೊಂಡು.

ಎಪ್ಪತ್ತನಾಲ್ಕರಲ್ಲಿ ಟೀವಿಯವರು ಬಂದು ನಮ್ಮ ನಾಟಕ ಚಿತ್ರೀಕರಿಸಿದ್ದು ನೆನಪಿದೆಯಲ್ಲ? ಪ್ರಸಾರವಾಗಲೇ ಇಲ್ಲ ಅಂತ ನೀವು ಅವರನ್ನು ವರ್ಷಗಟ್ಟಲೆ ಶಪಿಸಿದಿರಿ. ಒಂದು ಸಲ ಪ್ರಸಾರವಾಗಿದೆ. ಆ ದಿನ ನಾವು ಲಾರಿಯಲ್ಲಿ ಮುಂದಿನ ಊರಿಗೆ ಹೋಗುತ್ತಿದ್ದೆವು. ನಾಲ್ಕು ಡಬ್ಬಿಗಳಿವೆ. ಮೇಷ್ಟ್ರ ಐದೂ ಪರದೆ ಇವೆ. ಪ್ರಸಾರ ಕಪ್ಪುಬಿಳುಪಿನದಾದರೂ ತೆಗೆದದ್ದು ಬಣ್ಣದ ಫಿಲ್ಮಿನಲ್ಲಿ, ಪರದೆಗಳು ಬಣ್ಣದಲ್ಲೇ ಇವೆ. ನಿಮಗೆ ಕಪ್ಪು ತಲೆಗೂದಲು ಇದೆ. ನಾನು ಬಾಗಿಲು ಹಾಕಿಕೊಂಡು ಎರಡು ಸಲ ನೋಡಿದೆ.

ಈಗ ಕೆಲಸದ ಮಾತು. ಕಲಾನಿಧಿಯವರ ನಿಯಮ ಪುಸ್ತಕ ತರಿಸಿ ಓದಿದೆ. "ಪ್ರಸಾರ ಸಂಸ್ಥೆಯ ಭರವಸೆ ಪತ್ರ" ಅಂತಿದೆ. ಯಾವ ವಿಭಾಗದ್ದು ಅಂತ ಇಲ್ಲ. ನೆಲಮಾಳಿಗೆಗೂ ಅದೇ ಲಾಂಛನದ ಕಾಗದ ಬರುತ್ತದೆ. ಸಂಗ್ರಹದ ಚಿತ್ರಗಳಿಗೆ ಭಾನುವಾರ ಮಧ್ಯಾಹ್ನ ಒಂದು ಗಂಟೆಯ ಅವಧಿ ಮೀಸಲಿದೆ. ಹಳೇದನ್ನೇ ತಿರುಗಿಸಿ ಹಾಕುತ್ತಾರೆ, ಹೊಸದನ್ನು ಇದುವರೆಗೆ ಯಾರೂ ಕೇಳಿಲ್ಲ. ನಮ್ಮ ಸಂಗ್ರಹಾಧಿಕಾರಿ ನಿಯಮ ಓದಿ, ಮತ್ತೊಮ್ಮೆ ಓದಿ, "ಕೊಡಬಾರದು ಅಂತ ಎಲ್ಲೂ ಇಲ್ಲವಲ್ಲಮ್ಮ" ಅಂದರು. ಗುರುತು ಸಿಗದ ಸುರುಳಿಗಳನ್ನು, ಅವುಗಳಲ್ಲಿನ ಪರದೆ ಬರೆದವರೇ ಗುರುತಿಸುವುದು. ಅದೇ ಚಿತ್ರ. ಇದಕ್ಕೆ ಅವರ ಕಣ್ಣು ಬೇಕಿಲ್ಲ, ನೆನಪು ಸಾಕು.

ಇನ್ನೊಂದು ಮಾತಿದೆ. ಈ ಸಲ ಘೋಷಣೆಯಲ್ಲಿ "ಹೌದು" ಅಂತ ಬರೆದೆ. ಹಾಗೆ ಬರೆದ ಮೇಲೆ ನೀವು ನಿರ್ದೇಶಕರಾಗುವಂತಿಲ್ಲ. ಸಂಬಳ ತೆಗೆದುಕೊಳ್ಳುವಂತಿಲ್ಲ. ಚಿತ್ರದಲ್ಲಿ ಎಲ್ಲೂ ನಿಮ್ಮ ಹೆಸರು ಬರುವಂತಿಲ್ಲ. ನೀವು ಹೇಳಿದ ಆ ಗಮ್‌ಬೂಟಿನ ಹುಡುಗಿ ಒಪ್ಪಿಕೊಂಡಿದ್ದಾಳೆ. ಚರಂಡಿ ಕೆಲಸಗಾರರ ಮೇಲೆ ಚಿತ್ರ ಮಾಡಿದವಳು, ಅವಳ ಅರ್ಜಿಯೂ ಬಿದ್ದುಹೋಗಿತ್ತು. ಮೇಷ್ಟ್ರ ಬಗ್ಗೆ ನೀವು ಅಂದು ಹೇಳಿದ್ದೆಲ್ಲ ಅವಳಿಗೆ ಬಾಯಿಪಾಠವಾಗಿದೆ.

ಆಗಲ್ಲ ಅಂದರೆ ಹೇಳಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಪ್ರಾಂಪ್ಟರ್


೧೬ ಆಗಸ್ಟ್ ೧೯೯೮

ನಾದಿನಿ,

ನಿನ್ನ ಕಾಗದ ಹರಿದೆ. ನಿನ್ನ ಅಕ್ಕ ಮೇಷ್ಟ್ರ ಅಂಟು ತಂದು ಜೋಡಿಸಿದಳು.

ಎಂಟು ದಿನ ಗೋದಾಮಿಗೆ ಹೋಗಲಿಲ್ಲ. ಮೂರು ವರ್ಷ ಹಿಂದೆ ಬಿದ್ದು ಬೆಳೆಸಿದ ಚಿತ್ರ. ಯಾವಳೋ ಬೂಟು ಹಾಕಿಕೊಂಡು ಬಂದು ನನ್ನ ಜಾಗದಲ್ಲಿ ನಿಂತು "ಆಕ್ಷನ್" ಅನ್ನಬೇಕಂತೆ. ನಾನು ಮೂಲೆಯಲ್ಲಿ ನಿಲ್ಲಬೇಕಂತೆ. ನಿನಗೆ ನಾನು ಯಾವತ್ತೋ ಆಡಿದ ಮಾತಿಗೆ ಇದು ತಿರುಗೇಟು ಅಂತಲೂ ಅನ್ನಿಸಿತು. ಅನ್ನಿಸಿದ್ದನ್ನು ಬರೆಯುತ್ತಿದ್ದೇನೆ, ಹಾಗಲ್ಲ ಅಂತಲೂ ಗೊತ್ತು.

ಒಂಬತ್ತನೇ ದಿನ ಹೋಗಿ ಮೇಷ್ಟ್ರಿಗೆ ವಿಷಯ ಹೇಳಿದೆ. ನನ್ನ ಪರವಾಗಿ ಮಾತಾಡುತ್ತಾರೆ ಅಂತಲೇ ಹೇಳಿದೆ. ಅವರು ಬಟ್ಟೆಯ ಅಂಚು ತಡವುತ್ತಾ, "ಒಳ್ಳೇದೇ ಆಯ್ತು ಬಿಡು" ಅಂದರು.

"ಒಳ್ಳೇದೇ, ಮೇಷ್ಟ್ರೇ?"

"ನೀನು ತೆಗೆದಿದ್ರೆ ಅದರಲ್ಲಿ ನಾನೆಲ್ಲಿರ್ತಿದ್ದೆ? ನಾನು ಬರೆದ ಒಂದು ಪರದೆಯಾದರೂ ಜನಕ್ಕೆ ಕಾಣೋ ಹಾಗೆ ನೀನು ಯಾವತ್ತಾದರೂ ನಿಂತಿದ್ದೀಯೇನೋ? ಸದಾ ನಡುಮಧ್ಯೆ, ಕೈ ಎರಡೂ ಚಾಚಿಕೊಂಡು."

ಬರಹೇಳು ಅವಳನ್ನು.

ಭಾವ


೧೭ ನವೆಂಬರ್ ೧೯೯೮

ನಾದಿನಿ,

ಚಿತ್ರೀಕರಣ ಮುಗಿಯಿತು. ನೀನು ಬರುವಂತಿಲ್ಲ ಅಂತ ನಿನ್ನ ಅಧಿಕಾರಿ ಅಂದದ್ದು ಸರಿಯಲ್ಲ. ಆದರೂ ಇನ್ನು ನಿಯಮ ಮುರಿಯುವುದು ಬೇಡ ಅಂತ ನಾನೇ ಸುಮ್ಮನಿದ್ದೆ. ನೀನು ನೋಡಲಾಗದ್ದನ್ನು ಬರೆಯುತ್ತೇನೆ.

ಗಮ್‌ಬೂಟು ಗೋದಾಮಿಗೆ ಬಂದವಳೇ ಬೂಟು ಬಾಗಿಲಲ್ಲಿ ಬಿಚ್ಚಿಟ್ಟಳು, ಬಟ್ಟೆ ತುಳಿಯಬಾರದು ಅಂತ. ಅಲ್ಲಿಗೆ ನನ್ನ ಕೋಪ ಅರ್ಧ ಇಳಿಯಿತು. ಬರೆಯದೇ ಉಳಿದ ಬಿಳಿ ಅರ್ಧದ ಮೇಲೆ ನಿನ್ನ ಡಬ್ಬಿಯ ಚಿತ್ರ ಬಿಟ್ಟಳು. ಎಡಗಡೆ ಮೇಷ್ಟ್ರ ಬೀದಿ, ಬಲಗಡೆ ನಮ್ಮ ಕಂಪನಿ. ನಿನ್ನ ಅಕ್ಕ ವೇಷ ಹಾಕಿಕೊಂಡು, ಮೂವತ್ತೈದು ವರ್ಷದವಳಾಗಿ ನಡೆದು ಬಂದಳು. ನನ್ನ ಪಕ್ಕ ಕೂತಿದ್ದವಳು ಮೊಣಕಾಲು ಮುಚ್ಚಿಕೊಂಡಳು.

ಮೇಷ್ಟ್ರಿಗೆ ಕಾಣುವುದಿಲ್ಲವಲ್ಲ, ಏನು ಬರುತ್ತಿದೆ ಅಂತ ಯಾರಾದರೂ ಹೇಳಬೇಕು. ನಾನು ಶುರುಮಾಡಿದೆ. ಮೊದಲ ಮಾತಿಗೇ ಮೈಕಿನವನು ಕಿವಿ ಮುಚ್ಚಿಕೊಂಡ. "ಸಾರ್, ಅವರ ಕಿವಿಯಲ್ಲಿ ಹೇಳಿ" ಅಂದಳು ಗಮ್‌ಬೂಟು. ನಾನು ಅವರ ಕುರ್ಚಿಯ ಹಿಂದೆ, ಕ್ಯಾಮೆರಾಕ್ಕೆ ಕಾಣದ ಹಾಗೆ ಮಂಡಿಯೂರಿ ಕೂತೆ.

"ಈಗ ಸಮುದ್ರ ಬಂತು ಮೇಷ್ಟ್ರೇ" ಅಂದೆ.

"ಅಲೆ ಎಷ್ಟು ಸಾಲು?"

ಎಣಿಸಿದೆ. "ಏಳು."

"ಎಂಟು. ಎಂಟನೇದು ಕೆಳಗಿನ ಮಡಿಕೆಯಲ್ಲಿ ಹೋಗಿದೆ. ಗಾಳಿ ಬರೋತನಕ ತಡಿ."

ಕಾದೆವು. ಚಿತ್ರದೊಳಗೆ ಎಲ್ಲಿಂದಲೋ ಗಾಳಿ ಬಂತು, ಪರದೆ ಅಲ್ಲಾಡಿತು. ಎಂಟನೇ ಅಲೆ ಕಂಡಿತು. ಮೇಷ್ಟ್ರು ಕೈಯನ್ನು ಗಾಳಿಯಲ್ಲಿ ಎಡದಿಂದ ಬಲಕ್ಕೆ ಎಳೆದರು, ಕುಂಚ ಹಿಡಿದ ಹಾಗೆ, ಒಂದೇ ಸಲ.

ಮೂರು ದಿನ ಹೀಗೇ. ಹೆಸರಿಲ್ಲ, ಮುಖವಿಲ್ಲ, ಮಂಡಿ ಹೋಯಿತು. ವಿಂಗಿನಲ್ಲಿ ಕೂತವಳಿಗೆ ಇಡೀ ನಾಟಕ ಅಷ್ಟು ಚೆನ್ನಾಗಿ ಕಾಣುತ್ತದೆ ಅಂತ ನೀನು ಯಾವತ್ತೂ ಹೇಳಲೇ ಇಲ್ಲ.

ಭಾವ


೨ ಫೆಬ್ರವರಿ ೧೯೯೯

ಭಾವ,

ಈ ತಿಂಗಳ ಹದಿನಾಲ್ಕು, ಭಾನುವಾರ, ಮಧ್ಯಾಹ್ನ ನಾಲ್ಕು ಗಂಟೆ. ಐವತ್ತೆರಡು ನಿಮಿಷ. ಅಧ್ಯಕ್ಷರು ಕೆಳಗೆ ಇಳಿದು ಬಂದು ನಮ್ಮ ಸಣ್ಣ ಯಂತ್ರದಲ್ಲಿ ನೋಡಿಕೊಂಡು ಹೋದರು. ಕರುಳಿನ ಬಗ್ಗೆ ನಾನು ಬರೆದದ್ದು ಸುಳ್ಳಲ್ಲ.

ಹೆಸರುಗಳ ಪಟ್ಟಿಯಲ್ಲಿ ನೀವಿಲ್ಲ. ನನ್ನದೂ ಇಲ್ಲ. ನಿಮ್ಮ ಪಿಸುಮಾತನ್ನು ಅಳಿಸಬೇಕೇ ಅಂತ ಹುಡುಗಿ ಕೇಳಿದಳು. ನಿಯಮದಲ್ಲಿ ಹೆಸರು, ಸಂಬಳ ಅಂತಿದೆ, ಧ್ವನಿ ಅಂತ ಇಲ್ಲ ಅಂದೆ. ಅದು ಚಿತ್ರದ ಉದ್ದಕ್ಕೂ ಇದೆ.

ಪುಸ್ತಕದಲ್ಲಿ ಇಲ್ಲದ ಮಾತೊಂದು ಹೇಳಲೇ? ಆ ಧ್ವನಿ ನಿಮ್ಮಲ್ಲಿತ್ತು ಅಂತ ನನಗೂ ಗೊತ್ತಿರಲಿಲ್ಲ.

ಜೂನ್‌ನಲ್ಲಿ ನಿವೃತ್ತಿ. ಆ ಬಸ್‌ ಸ್ಟ್ಯಾಂಡಿಗೇ ಬಂದು ಇಳಿಯುತ್ತೇನೆ, ಬಂದು ಕರೆದುಕೊಂಡು ಹೋಗಿ.

ಪ್ರಾಂಪ್ಟರ್


೧೫ ಫೆಬ್ರವರಿ ೧೯೯೯

ನಾದಿನಿ,

ನೋಡಿದೆವು. ಮೇಷ್ಟ್ರ ಮನೆಯಲ್ಲಿ ಟೀವಿ ಇಲ್ಲ. ಜೆರಾಕ್ಸ್ ಅಂಗಡಿಯವನು ತನ್ನದನ್ನು ಗೋದಾಮಿಗೆ ಹೊತ್ತು ತಂದ, ಅಂಗಡಿಯನ್ನೂ ಮುಚ್ಚಿ ಬಂದ. ಬೆಂಚು ಸಾಲದೆ ಜನ ಬಣ್ಣದ ಡಬ್ಬಿಗಳನ್ನು ಬೋರಲು ಹಾಕಿಕೊಂಡು ಕೂತರು. ಮೇಷ್ಟ್ರು ಹೊಸ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ನಾನು ಅವರ ಹಿಂದೆ.

ಅರಮನೆ ಬಂತು, ಕಾಡು ಬಂತು. ಅವರು ಮುಖವನ್ನು ಸ್ವಲ್ಪ ಓರೆ ಮಾಡಿ ಕೇಳುತ್ತಿದ್ದರು. ತಮ್ಮ ಮಾತು ಬಂದಾಗಲೆಲ್ಲ ತುಟಿ ಆಡಿಸುತ್ತಿದ್ದರು, ತಾವು ಏನಂದಿದ್ದರೋ ಅದನ್ನೇ ಮತ್ತೆ. ಸಮುದ್ರ ಬಂದಾಗ ನಿನ್ನ ಅಕ್ಕ ನನ್ನ ಕೈ ಹಿಡಿದಳು.

ಅರ್ಧ ಮುಗಿದಿರಬೇಕು, ಮೇಷ್ಟ್ರು ಹಿಂದಕ್ಕೆ ಬಾಗಿದರು.

"ಯಾರೋ ಅದು?"

"ಯಾರು ಮೇಷ್ಟ್ರೇ?"

"ನನ್ನ ಜೊತೆ ಮಾತಾಡ್ತಿದ್ದಾನಲ್ಲ, ಮೆತ್ತಗೆ. ಏನು ಕಂಡಿತೋ ಅಷ್ಟೇ ಹೇಳ್ತಾನೆ. ಒಂದು ಮಾತು ಹೆಚ್ಚಿಲ್ಲ."

ಬಾಯಿ ತೆರೆದೆ. ನಿನ್ನ ಅಕ್ಕ ನನ್ನ ಕಡೆ ತಿರುಗಿದಳು. ಇನ್ನೇನು ಇವರು ಎದ್ದು ನಿಂತು ಎದೆ ತಟ್ಟಿಕೊಳ್ಳುತ್ತಾರೆ ಅಂದುಕೊಂಡಿರಬೇಕು.

"ಗೊತ್ತಿಲ್ಲ ಮೇಷ್ಟ್ರೇ, ಯಾರೋ ಟೀವಿಯವರಿರಬೇಕು" ಅಂದೆ.

"ಒಳ್ಳೇ ಕೆಲಸಗಾರ" ಅಂದು ಅವರು ಮತ್ತೆ ಮುಂದಕ್ಕೆ ತಿರುಗಿ ಕೂತರು.